ಪೂಜೆಗೆ ಬೇಕಾದ ಕಾಲು

“ಕಾಲು ತೊಳಸ್ಕೊಳ್ಳಾಕ ಬಂದಾಕಿ ಮೊದಲ ಕಾಲು ತೊಳಕೊಂಡು ಬರಬೇಕಂತ. ಇದ್ಯಾವ ಊರ ಶಾಸ್ತ್ರೋ ಯಪ್ಪಾ?”

ಮರಗಮ್ಮ ಯಾರನ್ನೂ ಕೇಳಿದ್ದಲ್ಲ. ಸಭಾಭವನದ ಹಿಂದಿನ ನಲ್ಲಿಯ ಬುಡದಲ್ಲಿ ಕೂತು ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಗಟಾರದ ನೀರು, ಕಾರ್ಖಾನೆಗಳ ಹಿಂಬದಿಯ ಕೆಸರು, ಕಸದ ಗಾಡಿಯಿಂದ ಸೋರಿದ ರಸ, ಎಲ್ಲ ಸೇರಿ ಹಿಮ್ಮಡಿಯ ಸೀಳಿಗೆ ಇಳಿದ ಕಪ್ಪು ಸೋಪಿಗೆ ಬಗ್ಗುತ್ತಿರಲಿಲ್ಲ. ಇವತ್ತು ಕಸ ಗುಡಿಸುವ ಹೆಂಗಸರ ಪಾದಪೂಜೆ ಮಾಡಲಿದ್ದ ಶಾಸಕರ ಆಪ್ತ ಸಹಾಯಕ ಸಾತ್ವಿಕ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಔಷಧಿ ನೀರಿನ ಬಾಟಲಿ ಹಿಡಿದು ನಿಂತಿದ್ದ.

“ಆಂಟಿ, ಔರ್ ಥೋಡಾ ತಿಕ್ಕಿ ನಾ. ಸರ್‌ಗೆ ಸ್ಕಿನ್ ಅಲರ್ಜಿ ಇದೆ. ಕ್ಯಾಮೆರಾದಲ್ಲೂ ಗಂದಾ ಕಾಣ್ತದೆ.”

“ಗಂದಾ ಇದ್ರನ ತೊಳಿಯೂದಲ್ಲೇನೋ ತಮ್ಮಾ? ತೊಳದ ಕಾಲು ಏನ್ ತೊಳೀತಾನ ನಿಮ್ಮ ಸರ?”

ಉಡುಪಿ ಕಡೆಯ ಬಾಗಿ ಪಕ್ಕದಲ್ಲಿದ್ದಳು. ಇವಳ ಜೊತೆಗೇ ಪೊರಕೆ ಹಿಡಿದು, ಜೊತೆಗೇ ಮುದುಕಿಯಾದವಳು. ಕಚೇರಿಯವರು ಹಂಚಿದ ಹೊಸ ಸೀರೆಯ ಸೆರಗನ್ನು ಜಗ್ಗಿ ನೋಡಿದಳು.

“ಎಂತ ಬಣ್ಣ ಮಾರಾಯ್ತಿ! ಹೋದ ಸಲ ಕೊಟ್ಟ ಸೀರೆ ಇನ್ನೂ ಹರೀಲಿಲ್ಲ, ಅಷ್ಟರಲ್ಲಿ ಇವನ ಪಕ್ಷ ಹರೀತು!”

ಮರಗಮ್ಮ ನಕ್ಕಳು.

ಮಳೆ ಹಿಡಿಯುವ ಮುಂಚೆ ಮಗ ಅನೀಶ ಇದೇ ಎಸ್ಟೇಟಿನ ಗಟಾರಕ್ಕೆ ಇಳಿದಿದ್ದ. ಇಳಿಸಿದವನು ಕಂತ್ರಾಟುದಾರ. ಮೇಲೆ ಬಂದದ್ದು ಹೆಣ. “ಕುಡಿದು ಬಿದ್ದ” ಎಂದು ಆ ಕಂತ್ರಾಟುದಾರನೇ ಪೊಲೀಸರ ಮುಂದೆ ಹೇಳಿ ಕೈತೊಳೆದುಕೊಂಡ. ಸೋಮವಾರದ ಭಜನೆಗೆ ತಾಳ ಹಾಕುತ್ತಿದ್ದ ಹುಡುಗ ಅವನು, ತುಟಿಗೆ ಒಂದು ಹನಿ ತಾಗಿಸಿದವನಲ್ಲ. ಈಗ ಚಾಳಿನ ಹೆಂಗಸರು ನೀರು ಹಿಡಿಯುವಾಗ “ಕುಡುಕನ ಅವ್ವ ಬಂದ್ಲು, ಜಾಗ ಬಿಡ್ರಿ” ಎನ್ನುತ್ತಾರೆ. ಮಗನನ್ನು ಒಂದು ಸಲ ಮಣ್ಣು ಮಾಡಿ ಬಂದಿದ್ದಳು. ಅವನ ಹೆಸರಿಗೆ ದಿನಾ ಮಣ್ಣು ಬೀಳುತ್ತಿತ್ತು.

ಅನೀಶ ಕುಡಿದಿರಲಿಲ್ಲ, ಗಟಾರಕ್ಕೆ ಇಳಿಸಿದ್ದಕ್ಕೆ ಸತ್ತ. ಇಷ್ಟನ್ನು ಶಾಸಕ ಮೈಕಿನಲ್ಲಿ ಹೇಳಲಿ ಎಂಬುದೊಂದೇ ಅವಳ ಆಸೆ. ಕಚೇರಿಗೆ ಹೋದರೆ ಕರಿ ಅಂಗಿಯ ದಾಂಡಿಗರು ಬಾಗಿಲಲ್ಲೇ ತಡೆದು “ಅರ್ಜಿ ಆನ್‌ಲೈನ್ ಡಾಲೋ” ಎಂದರು. ಇವತ್ತು ಅವನೇ ಕಾಲ ಬಳಿ ಬರುತ್ತಾನೆ, ಕಿವಿ ಕೈಗೆಟಕುತ್ತದೆ ಎಂದು ಬಂದಿದ್ದಳು.

ಶಾಸಕ ಹೃಷೀಕೇಶನಿಗೆ ಇಂಥದ್ದು ಹೇಳಲು ಬಾರದೆಂದೇನಿಲ್ಲ. ವರ್ಷಗಳ ಹಿಂದೆ ಅವನು ಅಪ್ಪನ ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗ. ಮರಗಮ್ಮನ ಗಂಡ ಸಾಯಬಣ್ಣ ಗಟಾರದ ವಿಷಗಾಳಿಗೆ ಸತ್ತಾಗ ಹೆಣ ಮುಟ್ಟುವವರಿರಲಿಲ್ಲ. ಸವೆದ ಚಪ್ಪಲಿಯಲ್ಲಿ ಓಡಿ ಬಂದು ಹೆಗಲು ಕೊಟ್ಟವನು ಅವನು. ಪಾಲಿಕೆ ಕಚೇರಿಯ ಮುಂದೆ ಹೆಣ ಇಳಿಸಿ, ಅದರ ತಲೆದೆಸೆಗೆ ಕೂತು, ಮೈಕಿಲ್ಲದೆ ಕೂಗಿದ: “ಇವನು ಸತ್ತದ್ದಲ್ಲ, ಕೊಂದದ್ದು!” ಸಂಜೆ ತಾಯಿ ಹೊಸ್ತಿಲಾಚೆ ನಿಲ್ಲಿಸಿ ತಲೆಗೆ ನೀರು ಹೊಯ್ದ ಮೇಲೇ ಒಳಗೆ ಬಿಟ್ಟರಂತೆ. ಮಾರನೆ ದಿನ ಅದನ್ನು ಹೇಳಿ ನಗುತ್ತ, ಮರಗಮ್ಮನ ಲೋಟದಲ್ಲಿ ಚಾ ಕುಡಿದಿದ್ದ.

ಮುಂದಿನ ಚುನಾವಣೆಯಲ್ಲಿ ಅವನೇ ಗೆದ್ದ. ರಿಕ್ಷಾಕ್ಕೆ ಮೈಕು ಕಟ್ಟಿ ಕೂಗಿದವರು ಈ ಚಾಳಿನವರೇ. ಆಮೇಲೆ ಕಾರು ಬಂತು, ಕಾರಿನ ಹಿಂದೆ ಕಾರು ಬಂತು. ಚಾ ಕುಡಿಯಲು ಪುರುಸೊತ್ತು ಸಿಗದಾಯಿತು, ಆಮೇಲೆ ಹೆಸರು ಕೂಡ ನೆನಪಾಗದಾಯಿತು. ಪಕ್ಷ ಒಡೆದ ವರ್ಷ ಶಾಸಕರನ್ನೆಲ್ಲ ಬಸ್ಸಿನಲ್ಲಿ ತುಂಬಿ ಯಾವುದೋ ರೆಸಾರ್ಟಿಗೆ ಒಯ್ದರಲ್ಲ, ಆಗ ಟಿವಿಯಲ್ಲಿ ಕಂಡ. ಕರಿ ಕನ್ನಡಕ ಹಾಕಿ ಎಳನೀರು ಹೀರುತ್ತಿದ್ದ. ಚಾಳಿನವರು ಬೈಯಲಿಲ್ಲ. ಟಿವಿ ಆರಿಸಲೂ ಇಲ್ಲ.

ವೇದಿಕೆಯ ಮೇಲೆ ಹೆಂಗಸರನ್ನು ಸಾಲಾಗಿ ಕೂರಿಸಿದರು. ಮುಂದೆ ಹಿತ್ತಾಳೆಯ ಅಗಲ ಪರಾತ, ಗುಲಾಬಿ ಪಕಳೆ. ಮಂತ್ರ ಹೇಳಲು ಬಂದ ಭಟ್ಟರು ಪಂಚೆ ಎತ್ತಿ ಹಿಡಿದು ಸರಿದರು.

“ಕಲಶಕ್ಕೆ ಮೈ ತಾಗಿಸಬೇಡಿ ಮಾರಾಯ್ರೆ, ದೂರ, ದೂರ. ಪಾದ ಮಾತ್ರ ಈಚೆ ಇಡಿ.”

“ಕಾಲಷ್ಟೇ ಮಡಿ ಆಯ್ತು ನೋಡು. ಮೇಲಿನದ್ದು ಹೊಲಗೇರಿದೇ,” ಎಂದು ಬಾಗಿ ಗೊಣಗಿದಳು.

ವೇದಿಕೆಯ ಹಿಂಬದಿಯ ಸೋಫಾದಲ್ಲಿ ಹಾರ ಹಾಕಿಕೊಂಡು ಕೂತವನನ್ನು ಮರಗಮ್ಮ ಆಗ ಕಂಡಳು. ಅದೇ ಕಂತ್ರಾಟುದಾರ.

ದೀಪಗಳು ಝಗ್ಗೆಂದವು. ಹೃಷೀಕೇಶ ಬಂದು ಬಾಗಿಯ ಕಾಲಿಗೆ ನೀರು ಹೊಯ್ದ, ಕ್ಯಾಮೆರಾ ನೋಡಿ ಆ ನೀರನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಮರಗಮ್ಮನ ಮುಂದೆ ಮಂಡಿಯೂರಿ ಕಾಲು ಹಿಡಿದ.

“ಹೇಗಿದ್ದೀರಮ್ಮಾ?”

“ಹೃಷೀ, ನಾ ಮರಗಮ್ಮ. ಸಾಯಬಣ್ಣನ ಹೇಂತಿ.”

ಅವನ ಕೈ ನಿಂತಿತು. “ಅಕ್ಕಾ...”

“ನನ್ನ ಮಗಾನೂ ಅದ ಗಟಾರದಾಗ ಹೋದ. ಕುಡಿದಿದ್ದಿಲ್ಲಪ್ಪ ಅಂವ. ಮೈಕ್ ಅಲ್ಲೇ ಐತಿ. ಒಂದ ಮಾತು ಹೇಳು.”

ಅವನು ಸೋಫಾದ ಕಡೆ ನೋಡಿದ. ತಲೆ ಇನ್ನೂ ತಗ್ಗಿಸಿ ಪಿಸುಗುಟ್ಟಿದ: “ಎಲೆಕ್ಷನ್ ಮುಗೀಲಿ ಅಕ್ಕಾ. ಈ ಪೆಂಡಾಲು, ಈ ಸೀರೆ, ಎಲ್ಲ ಅವರದ್ದೇ.”

“ನನ್ನ ಗಂಡನ ಹೆಣದ ಮುಂದ ಕುಂತು ಎಮ್ಮೆಲ್ಲೆ ಆದಿ. ಮಗನ ಹೆಣ ಭಾರ ಆತೇನೋ?”

ಅವನ ಕಣ್ಣಲ್ಲಿ ನೀರು ತುಂಬಿತು, ನಿಜವಾದದ್ದೇ. ಸಾತ್ವಿಕ ಮೊಬೈಲು ಹಿಡಿದು ಹತ್ತಿರ ಬಗ್ಗಿದ.

“ಸೂಪರ್ ಸರ್! ಆಂಸೂ ಹೋಲ್ಡ್ ಕೀಜಿಯೇ. ಕಾಲ ಮೇಲೆ ನೀರು ಬೀಳೋದು ಬಂದಿಲ್ಲ. ಒನ್ಸ್ ಮೋರ್, ಪ್ಲೀಸ್.”

ಮರಗಮ್ಮ ಪರಾತದಿಂದ ಕಾಲು ತೆಗೆದು ನೆಲಕ್ಕಿಟ್ಟಳು. ಪಕಳೆಯೊಂದು ಹಿಮ್ಮಡಿಗೆ ಅಂಟಿ ಬಂತು.

“ಏ ಮ್ಹಾತಾರೇ, ಪಾಯ್ ಠೇವ್!” ಕಂತ್ರಾಟುದಾರ ಸೋಫಾದಿಂದಲೇ ಒದರಿದ. “ಭಾಡಕೌ ಮುದುಕಿ, ಸುಮ್ನೆ ಕಾಲಿಡು! ಎಲ್ಲಾ ಲೈವ್ ಹೋಗ್ತಿದೆ!”

ಬಾಗಿ ತನ್ನ ಒದ್ದೆ ಕಾಲುಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ಹೃಷೀಕೇಶ ನೀರಿನ ತಂಬಿಗೆ ಹಿಡಿದವನು ಇನ್ನೂ ಮಂಡಿಯ ಮೇಲೇ ಇದ್ದ.

“ಇಡಿ ಅಕ್ಕಾ. ಒಂದೇ ಸಲ. ಹಳೇ ಋಣಕ್ಕಾದ್ರೂ.”

“ಇಡಂಗಿಲ್ಲ.”