ಮ್ಯಾಲ ನೋಡು

ಅಪ್ಪಾ, ನೀ ನನ್ನ ಕೂಡ ಕಲ್ಕತ್ತಾಕ್ಕ ಬಾ, ಮನೀ ಮ್ಯಾಲ ಡಿಶ್ ಕೂಡಸಿ ದಿನಾ ಕನ್ನಡ ಕೇಳಸ್ತೇನಿ, ಮಾತು ಕೊಟ್ಟೇನಿ ನೋಡು — ಹುಬ್ಬಳ್ಳಿ ಸ್ಟೇಷನ್ನಿನ ಬೆಂಚಿನ ಮೇಲೆ ಕೃಷ್ಣವೇಣಿ ಐದು ವರ್ಷದ ಕೆಳಗೆ ಆಡಿದ ಮಾತು, ಟಾಲಿಗಂಜಿನ ಈ ಕಾದ ತಾರಸಿಯಲ್ಲಿ, ಸ್ಪ್ಯಾನರು ಅಂಗೈ ಸುಡುತ್ತಿರುವಾಗ, ಯಾರೋ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ, ಆಗ ಅಪ್ಪ ನಕ್ಕಿದ್ದ, ಡಿಶ್ ಕೂಡಸಾವ ಮೊದಲ ಮ್ಯಾಲ ನೋಡಬೇಕವಾ ಎಂದಿದ್ದ, ಮೂವತ್ತೆರಡು ವರ್ಷ ಲೈನ್‌ಮನ್ ಆಗಿದ್ದ ಗುಂಡಪ್ಪ, ಮಗಳು ಬಟ್ಟೆ ಹರವುವ ಗಳ ಎತ್ತಿದರೂ ಮ್ಯಾಲ ನೋಡು ಎನ್ನುತ್ತಿದ್ದವನು, ಇವತ್ತು ತಾನೇ ಡಿಶ್ ಕೂಡಿಸಲು ಹತ್ತಿದವಳು ನೋಡಿದ್ದಾಳೆ, ಕರೆಂಟಿನ ತಂತಿ ಓಣಿಯ ಆ ಅಂಚಿಗಿದೆ, ಪೈಪು ಎರಡು ಮಾರು, ಬಿದ್ದರೂ ತಂತಿಗೆ ಮುಟ್ಟುವುದಿಲ್ಲ, ಸೊಂಟದ ಹಗ್ಗ ನೀರಿನ ಟ್ಯಾಂಕಿನ ಕಂಬಕ್ಕೆ ಬಿಗಿದಿದೆ, ಕ್ಲಾಂಪು ಸಡಿಲ ಇಟ್ಟಿಗೆಗಲ್ಲ, ಮೆಟ್ಟಿಲ ಕೋಣೆಯ ಕಾಂಕ್ರೀಟಿಗೆ, ಪೈಪಿನಿಂದ ಅರ್ಥಿಂಗ್ ತಂತಿ ಗೋಡೆಗುಂಟ ನೆಲದವರೆಗೆ ಇಳಿದಿದೆ, ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿ, ಎಲ್ಲ ಸರಿಯಾಗಿದೆ, ಎಲ್ಲ ಅಪ್ಪ ಹೇಳಿದ ಹಾಗೇ ಇದೆ, ಎಲ್ಲ ತಡವಾಗಿದೆ.

ತಡ ಅಂದರೆ ಮೊದಲು ಮಾಶಿಮಾ, ಬಾಡಿಗೆ ಕೊಟ್ಟ ಕೆಳಗಿನ ಮನೆಯ ಯಜಮಾನಿ, ಗೋಡೆಗೆ ತೂತು ಕೊರೆದರೆ ಸೋರುತ್ತದೆ, ದುರ್ಗಾ ಪೂಜೋ ಮುಗಿಯಲಿ ನೋಡೋಣ ಎನ್ನುತ್ತ ಮೂರು ಪೂಜೋ ಮುಗಿಸಿದರು, ಆಮೇಲೆ ಹೋದ ಬೇಸಿಗೆಯ ಆ ಮೆಕ್ಯಾನಿಕ್, ಬರಿಗಾಲಲ್ಲಿ, ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಪೈಪು, ನೇರ ತಂತಿಯ ಬದಿಗೇ ಹೊರಟವನು, ದೀದಿ, ದಸ್ ಮಿನಿಟ್ ಕಾ ಕಾಮ್, ಅರ್ಥಿಂಗ್ ಎಲ್ಲಿ ಎಂದರೆ ನಗುತ್ತಾನೆ, ಟಿವಿ ಹೈ ದೀದಿ, ಪವರ್ ಹೌಸ್ ನಹೀಂ, ಅವನನ್ನು ಅವಳು ಹೊರಗಟ್ಟಿದಳು, ಕೆಳಗೆ ಬಂದು ಹೇಳಿದರೆ ಅಪ್ಪ ತೊಡೆ ತಟ್ಟಿದ, ಭೇಷ್, ಲೈನ್‌ಮನ್ ಗುಂಡಪ್ಪನ ಮಗಳು ನೀ, ಎಂದು ಮತ್ತೆ ಬಂಗಾಳಿ ವಾರ್ತೆಯ ಮುಂದೆ ಕೂತ, ಇಂವಾ ಏನ್ ಒದರತಾನೋ, ಒಂದಕ್ಷರ ತಿಳೀವಲ್ತು — ಅದು ಅವನ ಕೊನೆಯ ತಮಾಷೆ, ಆ ಮಳೆಗಾಲದಲ್ಲೇ ಪಾರ್ಶ್ವವಾಯು ಹೊಡೆಯಿತು, ಆ ಹತ್ತು ನಿಮಿಷದ ಕೆಲಸಕ್ಕೆ ಹ್ಞೂಂ ಅಂದಿದ್ದರೆ ಎರಡು ತಿಂಗಳಾದರೂ ಕನ್ನಡ ಕೇಳುತ್ತಿದ್ದ, ಅಥವಾ ಆ ಮನುಷ್ಯ ತಂತಿಗೆ ಜೋತುಬೀಳುತ್ತಿದ್ದ, ಯಾವುದಕ್ಕೂ ಸಮಾಧಾನವಿಲ್ಲ, ಈಗ ಅಪ್ಪನ ಬಾಯಲ್ಲಿ ಉಳಿದದ್ದು ಎರಡೇ ಪದ, ನೀರು ಬೇಕಾದರೂ ಮ್ಯಾಲ ನೋಡು, ಚಾದರ ಒದ್ದೆಯಾದರೂ ಮ್ಯಾಲ ನೋಡು, ಅವರ ಭಾಷೆ ಅವರ ಕಿವಿಗೆ ಬೀಳುತ್ತಿರಲಿ ಎಂದಿದ್ದರು ಡಾಕ್ಟರು, ಹಗಲೆಲ್ಲ ಆಯಾ ಬಂಗಾಳಿ, ಮಗಳು ಪೂರ್ವಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ, ತಾನೋ ಟಿಕೆಟ್ ಬುಕಿಂಗ್ ಕೌಂಟರಿನಲ್ಲಿ ಸಾವಿರ ಜನಕ್ಕೆ ಉತ್ತರ ಕೊಟ್ಟು ಮನೆಗೆ ಬಂದಾಗ ನಾಲಿಗೆಯೇ ಏಳುವುದಿಲ್ಲ, ಗುಳಿಗಿ ತಗೊಂಡ್ಯಾ ಅಪ್ಪಾ, ಅಷ್ಟೇ, ಡಿಶ್ ಬರುವ ತನಕ ತಾನೇ ಆಡಬಹುದಿತ್ತಲ್ಲ, ದಿನಕ್ಕೆ ಹತ್ತು ಮಾತು, ಅದಕ್ಕೆ ಪೈಪು ಬೇಕಿತ್ತೇ, ಕ್ಲಾಂಪು ಬೇಕಿತ್ತೇ.

ಬಂತಾ — ಅವಳು ತಾರಸಿಯಂಚಿಗೆ ಹೋಗದೆ ಕೂಗುತ್ತಾಳೆ, ಕೆಳಗಿನ ಕಿಟಕಿಯಿಂದ ಪೂರ್ವಿ, ಅಮ್ಮಾ, ನೋ ಸಿಗ್ನಲ್, ಡಿಶ್ಶನ್ನು ದಕ್ಷಿಣಕ್ಕೆ, ಕೂದಲೆಳೆಯಷ್ಟು ಪೂರ್ವಕ್ಕೆ ತಿರುಗಿಸುತ್ತಾಳೆ, ವಾಯವ್ಯದಲ್ಲಿ ಮೋಡ ಕಪ್ಪಾಗುತ್ತಿದೆ, ಗಾಳಿ ಏಳುವ ಮೊದಲು ಇಳಿಯಬೇಕು, ಬಸವಲಿಂಗಪ್ಪನೂ ಹೀಗೇ, ಅಪ್ಪನ ಜೊತೆಗಾರ, ನೆರೆಮನೆಯವರಿಗೆ ಆಂಟೆನಾ ಕಂಬ ನಿಲ್ಲಿಸಿಕೊಡುತ್ತೇನೆಂದು ಮಾಳಿಗೆ ಹತ್ತಿದವನು, ಕಂಬ ಎತ್ತಿದ, ಕೆಳಗೆ ನಿಂತ ಅಪ್ಪ ಮ್ಯಾಲ ನೋಡು ಎಂದು ಕೂಗಿದ, ಕೂಗು ಒಂದು ಗಳಿಗೆ ತಡವಾಯಿತು, ಕಂಬ ತಂತಿಗೆ ತಗುಲಿತ್ತು, ಅಪ್ಪನಿಗೆ ಬುತ್ತಿ ತಂದು ನಿಂತಿದ್ದ ಏಳು ವರ್ಷದ ಕೃಷ್ಣವೇಣಿ ತಂತಿಯನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು, ಬಸವಲಿಂಗಪ್ಪನನ್ನು ಇಳಿಸಿ ಜೋಳದ ಚೀಲದ ಮೇಲೆ ಮಲಗಿಸಿದ ಮೇಲೂ ಆ ಮುಖ ಮೇಲಕ್ಕೆತ್ತಿದಂತೆಯೇ ಇತ್ತು, ಗಂಟಲ ನರ ಬಿಗಿದು — ಬಂತಾ, ಇಲ್ಲ ಅಮ್ಮಾ, ಥೋಡಾ ಔರ್, ಬಂತಾ, ಬಂತು ಅಮ್ಮಾ, ಬಂತು, ಪೂರ್ವಿ ಅದನ್ನು ಕನ್ನಡದಲ್ಲೇ ಕೂಗಿದಳು, ನಟ್ಟು ಬಿಗಿ, ಇನ್ನೊಂದು ಸುತ್ತು, ಹಗ್ಗ ಬಿಚ್ಚು, ಇಳಿ, ನಿಧಾನ.

ಕೋಣೆಯಲ್ಲಿ ಕನ್ನಡ ತುಂಬಿದೆ, ಟಿವಿಯಲ್ಲಿ ಯಾರೋ ಹೆಂಗಸು ಸಜ್ಜೆ ಬಿತ್ತನೆಯ ಬಗ್ಗೆ ಹೇಳುತ್ತಿದ್ದಾಳೆ, ಅಪ್ಪ ಕುರ್ಚಿಯಲ್ಲಿ, ಮುಖ ಸೂರಿನ ಕಡೆಗೆ, ಅಜ್ಜ ಟಿವಿ ನೋಡ್ತಾನೇ ಇಲ್ಲ ಅಮ್ಮಾ, ನೀನು ಊಪರ್ ಹೋದಾಗಿಂದ ಐಸೇ ಹೀ, ಕೃಷ್ಣವೇಣಿ ಅವನ ಮುಂದೆ ಬಗ್ಗುತ್ತಾಳೆ, ಅಪ್ಪಾ, ಇಳದ ಬಂದೇನಿ, ಇಲ್ಲೇ ಅದೇನಿ, ನೋಡಿಲ್ಲೆ, ಕನ್ನಡ ಬಂತು, ಅಪ್ಪನ ಬಲಗೈ ಏಳುತ್ತದೆ, ಕೆನ್ನೆ ಸವರುತ್ತಾನೆಂದು ಅವಳು ಕಾಯುತ್ತಾಳೆ, ಆ ಕೈ ಅವಳ ಮುಖವನ್ನು ಪಕ್ಕಕ್ಕೆ ಸರಿಸುತ್ತದೆ, ನೋಟಕ್ಕೆ ಅಡ್ಡ ಬಂದ ಪರದೆಯನ್ನು ಸರಿಸುವ ಹಾಗೆ, ಮೇಲೆ ಅವನ ಮಗಳು ಇನ್ನೂ ಇದ್ದಾಳೆ, ಅವಳು ಇಳಿಯಬೇಕು, ಮ್ಯಾಲ ನೋಡು, ಮ್ಯಾಲ ನೋಡು, ಹೊರಗೆ ಗಾಳಿ ಎದ್ದಿದೆ, ಡಿಶ್ ಅಲುಗಿಲ್ಲ, ಚಿತ್ರ ಒಡೆದಿಲ್ಲ, ಮೇಲಕ್ಕೆತ್ತಿದ ಮುಖ, ಗಂಟಲ ನರ ಬಿಗಿದು, ಮೇಲಕ್ಕೆತ್ತಿದ ಮುಖ.

ಕೃಷ್ಣವೇಣಿ ಕೊಟ್ಟ ಮಾತು ನಡೆಸಿದ್ದಳು.