ಹತ್ತದೆ ಬಿಟ್ಟ ಬಸ್ಸು

ಮೂವತ್ತನೇ ಕಿಲೋಮೀಟರಿನ ಫಲಕ ಕಣ್ಣಿಗೆ ಕಾಣುತ್ತಿರುವಾಗಲೇ ನಾನು ಬಸ್ಸು ಹತ್ತಿಬಿಟ್ಟೆ.

ಅದು 2024ರ ಅಕ್ಟೋಬರ್, ಬೆಂಗಳೂರಿನ ಮ್ಯಾರಥಾನ್. ನನ್ನ ಮುಂದೆ ಓಡುತ್ತಿದ್ದ ಯುವಕನೊಬ್ಬ ಮೀನಖಂಡ ಹಿಡಿದುಕೊಂಡು ರಸ್ತೆಯಲ್ಲೇ ಕೂತ. ಓಡಲಾಗದವರನ್ನು ತುಂಬಿಕೊಂಡು ಹೋಗುವ ಬಸ್ಸು ಅವನಿಗಾಗಿ ನಿಂತಿತು. ಬಾಗಿಲಲ್ಲಿದ್ದ ಮನುಷ್ಯ ಅವನನ್ನು ಎತ್ತಿ ಒಳಗೆ ಕೂರಿಸಿದ. ಪಕ್ಕದಲ್ಲಿ ಬರುತ್ತಿದ್ದ ನನ್ನನ್ನು ನೋಡಿ, "ಬರ್ತೀರಾ ಮೇಡಂ? ಬೇಗ ಬೇಗ" ಎಂದ. ನಾನು ಹತ್ತಿದೆ. ಹಿಡಿಗಂಬಿ ಹಿಡಿದದ್ದು, ಮೆಟ್ಟಿಲಿಗೆ ಕಾಲಿಟ್ಟದ್ದು, ಕಿಟಕಿಯ ಪಕ್ಕದ ಸೀಟು ನೋಡಿ ಕೂತದ್ದು ಎಲ್ಲವೂ ಒಂದೇ ಉಸಿರಿನಲ್ಲಿ ಆಗಿಹೋಯಿತು.

ಬಸ್ಸು ಹೊರಟ ಮೇಲೆ ಗಡಿಯಾರ ನೋಡಿಕೊಂಡೆ. ಮೂವತ್ತನೇ ಫಲಕ ದಾಟಲು ಕೊಟ್ಟ ವೇಳೆಯಲ್ಲಿ ನನಗಿನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಉಳಿದಿತ್ತು. ಕಾಲು ನೋಯುತ್ತಿತ್ತು, ಆದರೆ ನಿಂತಿರಲಿಲ್ಲ.

"ನಿಲ್ಸಿ, ನಾನು ಇಳೀಬೇಕು" ಎಂದೆ.

"ಹತ್ತಿದ್ಮೇಲೆ ಇಳಿಯೋ ಹಾಗಿಲ್ಲ. ನಿಮ್ ನಂಬರ್ ಬರ್ಕೊಂಡಾಯ್ತು" ಎಂದ.

ಏಕೆ ಹತ್ತಿದೆ ಎಂದು ಊರಿನವರಿಗೆ ವಿವರಿಸುವ ಅಗತ್ಯವಿರಲಿಲ್ಲ. ನನ್ನ ಊರು ಶರಾವತಿ ಹಿನ್ನೀರಿನ ಆಚೆ, ಸಿಗಂದೂರಿನಿಂದ ಮುಂದೆ. ನಾನು ಸಾಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನೆಂಟು ವರ್ಷ ದಿನವೂ ಬಸ್ಸು, ಹಿನ್ನೀರು ದಾಟಿಸುವ ಲಾಂಚು, ಮತ್ತೆ ಬಸ್ಸು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತಿ ಬರಬೇಕು, ಇಲ್ಲವೇ ಸಾಗರದಲ್ಲಿ ಯಾರದಾದರೂ ಮನೆಯಲ್ಲಿ ಚಾಪೆ ಕೇಳಬೇಕು. ರಜೆಯ ದಿನಗಳಲ್ಲಿ ಸಿಗಂದೂರಿನ ದೇವಸ್ಥಾನಕ್ಕೆ ಹೋಗುವವರ ಕಾರುಗಳು ದಡದಿಂದ ಒಂದೂವರೆ ಕಿಲೋಮೀಟರ್ ಸಾಲು ನಿಲ್ಲುತ್ತಿದ್ದವು. ಆ ಸಾಲಿನ ಹಿಂದೆ ನಮ್ಮ ಬಸ್ಸು ಸಿಕ್ಕಿಕೊಂಡರೆ ನಾವು ಇಳಿದು ಓಡುತ್ತಿದ್ದೆವು. ನಾನು ಓಡಲು ಕಲಿತದ್ದು ಅಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು. ಅಂಥವರ ಮುಂದೆ ವಾಹನ ನಿಂತು ಬಾಗಿಲು ತೆರೆದರೆ ಕಾಲು ತಾನಾಗಿಯೇ ಮೇಲೇಳುತ್ತದೆ. ಮುಂದಿನದು ಬರುತ್ತದೆ ಎಂಬ ನಂಬಿಕೆ ಆ ಕಾಲಿಗೆ ಇಲ್ಲ.

ನನ್ನ ತಾಯಿ ದುರ್ಗಮ್ಮ ಕಥೆಯೆಲ್ಲ ಕೇಳಿ, "ಬಸ್ ನಿಂತ್ರೆ ಹತ್ತದೆ ಎಂತ ಮಾಡ್ತಾರೆ? ನೀ ಮಾಡಿದ್ದು ಸರಿಯೇ" ಎಂದರು. ಅದು ಸಮಾಧಾನವಾಗಿರಲಿಲ್ಲ, ಅವರ ನಿಜವಾದ ಅಭಿಪ್ರಾಯವಾಗಿತ್ತು.

ಆದರೆ ನಾನು ಬಸ್ಸಿನಿಂದ ಇಳಿಯುತ್ತಿದ್ದ ಫೋಟೋ ನಮ್ಮ ಓಟಗಾರರ ಬಳಗದ ವಾಟ್ಸಾಪ್ ಗುಂಪಿಗೆ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರು ಸೇರಿ ಕಟ್ಟಿಕೊಂಡ ಬಳಗ ಅದು. "ಟಿಕೆಟ್ ಎಷ್ಟಾಯ್ತು ಹೇಮಕ್ಕ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಕಂಡಕ್ಟರ್ ಸೀಟಿಯ ಚಿತ್ರ ಹಾಕಿದರು. ಮೊದಲೆರಡು ವಾರ ನಾನೂ ನಕ್ಕೆ. ಎಂಟು ತಿಂಗಳಾದರೂ ಅದು ನಿಲ್ಲಲಿಲ್ಲ.

ಬಳಗ ನಡೆಸುವವರು ಶ್ರೀನಾಥ್ ಸರ್, ತೀರ್ಥಹಳ್ಳಿಯ ಕಾಲೇಜಿನಲ್ಲಿ ವ್ಯಾಯಾಮ ಹೇಳಿಕೊಡುವವರು. ಮರುವರ್ಷದ ನೋಂದಣಿ ಶುರುವಾದಾಗ ಅವರೇ ಫೋನು ಮಾಡಿದರು.

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ ಹೇಮಾವತಿಯವ್ರೇ. ಈ ಸಲ ಹತ್ತು ಕಿಲೋಮೀಟರ್ ಓಡಿ. ಆರಾಮಾಗಿ ಮುಗ್ಸಿ, ತಿಂಡಿ ತಿಂದು, ನಮ್ಗೆಲ್ಲ ಚಪ್ಪಾಳೆ ಹೊಡೀಬಹುದು."

"ಹೋದ್ಸಲ ಇಪ್ಪತ್ತೊಂಬತ್ತು ಮುಕ್ಕಾಲು ಓಡಿದೀನಿ ಸರ್. ಅದು ಹತ್ತಕ್ಕಿಂತ ಹೆಚ್ಚು."

"ಅದು ಲೆಕ್ಕಕ್ಕೆ ಬರಲ್ವಲ್ಲ ಮೇಡಂ. ಬಳಗದ ಹೆಸರೂ ನೋಡ್ಬೇಕಲ್ಲ. ಮಲ್ನಾಡಿನೋರು ಬಸ್ಸಲ್ಲಿ ಬಂದ್ರು ಅಂತ ಆಗ್ಬಾರ್ದು."

ಬಳಗದ ನೋಂದಣಿ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅವರು ಆಗಲೇ ಹತ್ತು ಎಂದು ಬರೆದಿದ್ದರು. ನಾನು ಆ ಪಟ್ಟಿಯಿಂದ ಹೆಸರು ತೆಗೆಸಿದೆ. ಸ್ವಂತವಾಗಿ ನಲವತ್ತೆರಡು ಕಿಲೋಮೀಟರಿಗೆ ನೋಂದಾಯಿಸಿಕೊಂಡೆ. ನಾನು ಬಯಸಿದ್ದು ಇಷ್ಟೇ: ಪೂರ್ತಿ ದೂರವನ್ನು ನನ್ನ ಕಾಲಲ್ಲೇ, ಕೊಟ್ಟ ವೇಳೆಯೊಳಗೆ ಮುಗಿಸಬೇಕು. ನಡುವೆ ಯಾವ ಬಸ್ಸು ಬಂದರೂ ಸರಿ.

ಆ ಜುಲೈನಲ್ಲಿ ಹಿನ್ನೀರಿನ ಸೇತುವೆ ತೆರೆಯಿತು. ನಮ್ಮ ಸೀಮೆಯಲ್ಲಿ ಏರು, ಇಳಿತ, ತಿರುವು ಇಲ್ಲದ ರಸ್ತೆ ನಾನು ನೋಡಿದ್ದು ಅದೊಂದೇ. ಎರಡೂವರೆ ಕಿಲೋಮೀಟರಿಗೆ ಚೂರು ಕಡಿಮೆ. ಬೆಳಿಗ್ಗೆ ಐದಕ್ಕೆ ಹೋಗಿ ಹಿಂದಕ್ಕೆ ಮುಂದಕ್ಕೆ ಓಡುತ್ತಿದ್ದೆ. ಮಳೆಗಾಲದ ಗಾಳಿ ಒಂದು ದಿಕ್ಕಿನಲ್ಲಿ ಬೆನ್ನಿಗೆ ತಳ್ಳುತ್ತಿತ್ತು, ವಾಪಸು ಬರುವಾಗ ಎದೆಗೆ. ಪ್ರತಿ ಸುತ್ತಿನ ಸಮಯವನ್ನೂ ಬರೆದಿಡುತ್ತಿದ್ದೆ. ಎದುರುಗಾಳಿಯಲ್ಲಿ ಕಳೆದುಕೊಂಡಷ್ಟು ಹಿಂಗಾಳಿಯಲ್ಲಿ ಎಂದೂ ವಾಪಸು ಸಿಗುತ್ತಿರಲಿಲ್ಲ. ಇದು ಭೌತಶಾಸ್ತ್ರ, ದೂರಲು ಅರ್ಥವಿಲ್ಲ.

"ಲಾಂಚಿತ್ತು, ಓಡ್ತಿದ್ದೆ" ಎಂದರು ಅಮ್ಮ. "ಈಗ ಸೇತುವೆ ಆಯ್ತಲ್ಲೇ, ಇನ್ನೆಂತಕ್ಕೆ ಓಡದು?"

"ಅಭ್ಯಾಸ ಆಗಿದೆ ಅಮ್ಮ."

"ಕಾಯದೂ ಅಭ್ಯಾಸ ಆಗಿತ್ತು. ಅದನ್ನ ಬಿಟ್ಟಿಲ್ವ?"

ಮ್ಯಾರಥಾನಿನವರು ಕಳಿಸಿದ ನಿಯಮಗಳು ಹದಿನಾಲ್ಕು ಪುಟ ಇದ್ದವು. ರಕ್ತಪರೀಕ್ಷೆಯ ಕಿಟ್ ಜೊತೆ ಬರುವ ಸಣ್ಣಕ್ಷರದ ಚೀಟಿ ಓದದೆ ನಾನು ಒಂದು ಪರೀಕ್ಷೆಯನ್ನೂ ಮಾಡಿದವಳಲ್ಲ, ಇದನ್ನೂ ಓದಿದೆ. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕಾವ್ಯಾ ಹೊಸನಗರದವಳು, ಬಳಗದಲ್ಲಿ ಎಲ್ಲರಿಗಿಂತ ವೇಗದ ಹುಡುಗಿ. "ಶೂ ಕಟ್ಟದು, ಓಡದು. ಇದನ್ನೆಲ್ಲ ಯಾರು ಓದ್ತಾರೆ ಹೇಮಕ್ಕ?" ಎಂದು ನಕ್ಕಳು. ಹನ್ನೊಂದನೇ ನಿಯಮವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಓಟ ಮುಗಿಸಲು ಆರೂವರೆ ಗಂಟೆ, ಅದನ್ನು ಕೊನೆಯ ಓಟಗಾರರು ಪ್ರಾರಂಭದ ಗೆರೆ ದಾಟಿದ ಕ್ಷಣದಿಂದ ಎಣಿಸಲಾಗುವುದು. ಆ ಪುಟವನ್ನು ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಸೊಂಟದ ಚೀಲಕ್ಕೆ ಹಾಕಿಕೊಂಡೆ. ಬಳಗದವರು ವ್ಯಾನಿನಲ್ಲಿ ಹೋದರು. ನಾನು ತಾಳಗುಪ್ಪದ ರೈಲಿನಲ್ಲಿ ಹೋದೆ.

ಸರಿಯಾಗಿ ನಾಲ್ಕೂವರೆಗೆ ಓಟ ಬಿಟ್ಟರು. ಸಾವಿರಾರು ಜನ. ನಾನು ಬೇಕೆಂದೇ ತೀರ ಹಿಂದೆ ನಿಂತಿದ್ದೆ. ವೇಗದವರ ನಡುವೆ ನಿಂತರೆ ನನಗೂ ವೇಗ ಬಂದಂತೆ ಅನಿಸುತ್ತದೆ, ಅದು ಸುಳ್ಳು. ನಾನು ಗೆರೆ ದಾಟಿದಾಗ ನಾಲ್ಕು ಗಂಟೆ ಮೂವತ್ತೇಳು ನಿಮಿಷ. ನನ್ನ ಹಿಂದೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ ಒಬ್ಬ ಹೆಂಗಸು, ಅವರ ಹಿಂದೆ ಆಂಬುಲೆನ್ಸ್. ಅಂದರೆ ಹನ್ನೊಂದು ಗಂಟೆ ಏಳು ನಿಮಿಷದವರೆಗೆ ವೇಳೆ ಇದೆ.

ಮೊದಲ ಇಪ್ಪತ್ತೈದು ಕಿಲೋಮೀಟರಿನ ಬಗ್ಗೆ ಹೇಳುವಂಥದ್ದೇನಿಲ್ಲ. ಚಪ್ಪಾಳೆ ಇತ್ತು, ಬಾಳೆಹಣ್ಣು ಇತ್ತು, ಬ್ಯಾಂಡಿನವರಿದ್ದರು. ಹಿಂದಿನವರಿಗೆ ಇದೆಲ್ಲ ಖಾಲಿಯಾಗುತ್ತ ಸಿಗುತ್ತದೆ. ಮೂವತ್ತನೇ ಫಲಕದ ಕೆಳಗೆ ಬ್ಯಾಂಡಿನವರು ಡ್ರಮ್ಮನ್ನು ಆಟೋಗೆ ಹಾಕುತ್ತಿದ್ದರು. ಆ ಫಲಕವನ್ನು ದಾಟಿದಾಗ ಖುಷಿಯಾಗಲಿಲ್ಲ. ಬಲಗಾಲಿನ ಮೀನಖಂಡದಲ್ಲಿ ಯಾರೋ ಹಗ್ಗ ಬಿಗಿಯುತ್ತಿದ್ದಂತೆ ಇತ್ತು. ಇಪ್ಪತ್ತು ಹೆಜ್ಜೆ ನಡೆದು ನೂರು ಹೆಜ್ಜೆ ಓಡುವುದು ಎಂದು ಮಾಡಿಕೊಂಡೆ.

ಮೂವತ್ತೈದರ ಹತ್ತಿರ ಆ ಮೊಣಕಾಲು ಪಟ್ಟಿಯ ಹೆಂಗಸು ಸಿಕ್ಕರು. ಯಾವಾಗ ನನ್ನನ್ನು ದಾಟಿದ್ದರೋ, ಈಗ ಕುಂಟುತ್ತಿದ್ದರು. ಹೆಸರು ಪ್ರತಿಮಾ, ಬ್ಯಾಂಕಿನಲ್ಲಿ ಕೆಲಸ, ಐವತ್ತಮೂರು ವರ್ಷ ಎಂದರು.

"ಮಗಳು ಬೇಡ ಅಂದಿದ್ಲು ರೀ. ಅವಳ ಮಾತು ಕೇಳ್ಬೇಕಿತ್ತು."

"ಮನೇಲಿ ಕೂತು ಕೇಳಿ. ಇಲ್ಲಿ ಬೇಡ" ಎಂದೆ.

ಮೂವತ್ತಾರನೇ ಫಲಕದ ಹತ್ತಿರ ಹಿಂದಿನಿಂದ ಬಸ್ಸು ಬಂತು. ನಮ್ಮ ಪಕ್ಕದಲ್ಲೇ ನಿಂತಿತು. ಬಾಗಿಲು ತೆರೆಯಿತು. ನಿಜ ಹೇಳಬೇಕೆಂದರೆ, ನನ್ನ ಎಡಗಾಲು ಒಂದು ಕ್ಷಣ ಆ ಕಡೆಗೇ ತಿರುಗಿತು. ಒಳಗಿನ ಸೀಟುಗಳು ಕಂಡವು, ಫ್ಯಾನು ಕಂಡಿತು.

"ಬನ್ನಿ ಬನ್ನಿ, ಟೈಮ್ ಆಯ್ತು" ಎಂದ ಬಾಗಿಲಿನವನು. ನಲವತ್ತು ದಾಟಿದವನು, ಕೊರಳಲ್ಲಿ ಸೀಟಿ. "ಹತ್ತು ಗಂಟೆ ಮೂರು ನಿಮಿಷಕ್ಕೆ ಇಲ್ಲಿ ದಾಟ್ಬೇಕಿತ್ತು. ಈಗ ಹತ್ತೂ ಐದು."

ಪ್ರತಿಮಾ ಆಗಲೇ ಹಿಡಿಗಂಬಿಗೆ ಕೈ ಹಾಕಿದ್ದರು.

"ಹತ್ತಬೇಡಿ" ಎಂದೆ. ಅವರು ನನ್ನ ಮುಖ ನೋಡಿದರು. "ಹತ್ತಿದ್ರೆ ಇಳ್ಸಲ್ಲ. ನಂಗೆ ಗೊತ್ತು."

"ಮೇಡಂ, ನೀವ್ಯಾಕೆ ಅವ್ರನ್ನ ತಡೀತೀರಿ?"

"ನೀವು ಎಲ್ಲಿಂದ ಎಣಿಸ್ತಿದೀರಾ? ನಾಲ್ಕೂವರೆಯಿಂದ. ಕೊನೇ ಓಟಗಾರರು ಗೆರೆ ದಾಟಿದ್ದು ನಾಲ್ಕು ಮೂವತ್ತೇಳಕ್ಕೆ. ಕೊನೇ ಓಟಗಾರರು ಇವ್ರೇ. ಹತ್ತು ಗಂಟೆ ಹತ್ತರವರೆಗೆ ಇಲ್ಲಿ ದಾಟಬಹುದು. ಹನ್ನೊಂದನೇ ನಿಯಮ ಓದಿದೀರಾ?"

"ಅದನ್ನೆಲ್ಲ ಯಾರು ಓದ್ತಾರೆ ಮೇಡಂ?"

"ನಾನು ಓದ್ತೀನಿ."

ಚೀಲದಿಂದ ಹಾಳೆ ತೆಗೆದು ಕೊಟ್ಟೆ. ಅವನು ಓದದೆ ಡ್ರೈವರಿಗೆ ತೋರಿಸಿದ. ಡ್ರೈವರ್ ಓದಿದ. "ಹಂಗೇ ಬರ್ದಿದಾರಪ್ಪ" ಎಂದ. ಒಳಗೆ ಕೂತವನೊಬ್ಬ, "ಹಾಗಾದ್ರೆ ನಮ್ಮನ್ಯಾಕ್ರೀ ಹತ್ತಿಸ್ಕೊಂಡ್ರಿ?" ಎಂದು ಜಗಳ ತೆಗೆದ. ಸೀಟಿಯವನಿಗೆ ಈಗ ಎರಡೂ ಕಡೆಯಿಂದ ಸಂಕಟ. ನನ್ನ ಎದೆಯ ಮೇಲಿನ ನಂಬರ್ ಬರೆದುಕೊಳ್ಳಲು ಪೆನ್ನು ತೆಗೆದ. ನಾನು ಎರಡೂ ಅಂಗೈಯಿಂದ ನಂಬರು ಮುಚ್ಚಿಕೊಂಡೆ.

"ರೋಡ್ ಓಪನ್ ಆಗುತ್ತೆ. ಗಾಡಿ ಬರುತ್ತೆ. ಏನಾದ್ರೂ ಆದ್ರೆ?"

"ಫುಟ್‌ಪಾತ್ ಮೇಲೆ ಹೋಗ್ತೀವಿ."

"ನಮ್ ಫುಟ್‌ಪಾತ್ ನೋಡಿದೀರಾ ನೀವು?" ಎಂದ ಡ್ರೈವರ್.

ನಾವು ಓಡತೊಡಗಿದೆವು. ಬಸ್ಸು ಬಾಗಿಲು ತೆರೆದುಕೊಂಡೇ ಸ್ವಲ್ಪ ದೂರ ಪಕ್ಕದಲ್ಲಿ ಬಂತು, ನಾವು ಮನಸ್ಸು ಬದಲಿಸುತ್ತೇವೆ ಎಂಬಂತೆ. ಆಮೇಲೆ ಮುಂದೆ ಹೋಯಿತು. ಬಸ್ಸುಗಳು ನನ್ನನ್ನು ಬಿಟ್ಟು ಹೋದದ್ದು ಎಷ್ಟೋ ಸಲ. ನಾನಾಗಿ ಬಿಟ್ಟದ್ದು ಅದೇ ಮೊದಲು.

ಆರು ಕಿಲೋಮೀಟರಿಗೆ ಚೂರು ಹೆಚ್ಚು ದೂರ, ಅರವತ್ತೊಂದು ನಿಮಿಷ ಬಾಕಿ. ಫುಟ್‌ಪಾತಿನಲ್ಲಿ ಎದ್ದ ಕಲ್ಲುಚಪ್ಪಡಿ, ನಿಲ್ಲಿಸಿದ ಸ್ಕೂಟರು, ಹೂ ಮಾರುವವರ ಬುಟ್ಟಿ, ಟ್ರಾನ್ಸ್‌ಫಾರ್ಮರ್. ರಸ್ತೆಯ ಕೋನುಗಳನ್ನು ಲಾರಿಗೆ ಪೇರಿಸುತ್ತಿದ್ದರು. ನೀರಿನ ಮೇಜುಗಳು ಮಡಚಿದ್ದವು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಕಾರಿನವರ ಜೊತೆ ನಿಂತೆವು. ಆ ನಲವತ್ತು ಸೆಕೆಂಡುಗಳನ್ನು ಯಾವ ನಿಯಮವೂ ವಾಪಸು ಕೊಡುವುದಿಲ್ಲ.

ನಲವತ್ತೊಂದರಲ್ಲಿ ಪ್ರತಿಮಾ, "ನೀವು ಹೋಗಿ. ನಾನು ಬರ್ತೀನಿ" ಎಂದರು.

"ಬಸ್ ಹತ್ತಲ್ಲ ತಾನೆ?"

"ಬಸ್ ಎಲ್ಲಿದೆ ರೀ ಇನ್ನು, ಹತ್ತೋದಕ್ಕೆ?"

ನಾನು ಮುಂದೆ ಹೋದೆ. ಕೊನೆಯ ತಿರುವು ದಾಟಿದಾಗ ಮುಕ್ತಾಯದ ಗೆರೆಯ ಗಾಳಿ ತುಂಬಿದ ಕಮಾನು ಅರ್ಧ ಬಾಗಿತ್ತು. ದೊಡ್ಡ ಗಡಿಯಾರವನ್ನು ಆರಿಸಿದ್ದರು. ನನ್ನ ಕೈಗಡಿಯಾರದಲ್ಲಿ ಹನ್ನೊಂದು ನಾಲ್ಕು. ಮೇಲೆ ಕಾಲಿಟ್ಟರೆ ಓಟಗಾರರ ಸಮಯ ದಾಖಲಾಗುವ ಎರಡು ಮ್ಯಾಟುಗಳಲ್ಲಿ ಒಂದು ಸುರುಳಿಯಾಗಿ ಬದಿಗೆ ಬಿದ್ದಿತ್ತು. ದಪ್ಪ ಮೀಸೆಯ ಒಬ್ಬ ನಡುವಯಸ್ಸಿನವನು ಬಗ್ಗಿ ಎರಡನೆಯದನ್ನು ಸುತ್ತುತ್ತಿದ್ದ.

"ಬಿಡಿ ಅದನ್ನ!" ಎಂದು ಕೂಗಿದೆ. ನನ್ನ ದನಿ ನನಗೇ ಹೊಸದು.

"ಹನ್ನೊಂದಕ್ಕೇ ಕ್ಲೋಸ್ ಮೇಡಂ."

"ಹನ್ನೊಂದೂ ಏಳಕ್ಕೆ."

"ಯಾರು ಹೇಳಿದ್ದು?"

"ನಿಮ್ಮೋರೇ ಬರ್ದಿದ್ದು."

ಹಾಳೆ ಬಸ್ಸಿನಲ್ಲೇ ಉಳಿದಿತ್ತು. ತೋರಿಸಲು ಏನೂ ಇರಲಿಲ್ಲ. ಕಾಲಿನಿಂದ ಸುರುಳಿಯನ್ನು ಒದ್ದೆ. ಅದು ಉರುಳಿ ಬಿಚ್ಚಿಕೊಂಡಿತು. ವೈರು ಇನ್ನೂ ಕಿತ್ತಿರಲಿಲ್ಲ. ಮೇಲೆ ಹೆಜ್ಜೆ ಇಟ್ಟಾಗ ಪಕ್ಕದ ಪೆಟ್ಟಿಗೆ ಕೀಂ ಎಂದಿತು.

ನಲವತ್ತೆರಡು ಕಿಲೋಮೀಟರ್, ನೂರ ತೊಂಬತ್ತೈದು ಮೀಟರ್. ಆರು ಗಂಟೆ ಇಪ್ಪತ್ತೇಳು ನಿಮಿಷ. ಮಂಡಿಯ ಮೇಲೆ ಕೈಯೂರಿ ಉಸಿರಾಡಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೀಸೆಯವನು ಮತ್ತೆ ಬಗ್ಗಿದ. ನಾನು ಹಿಂದಕ್ಕೆ ಬಂದು ಮ್ಯಾಟಿನ ನಡುವೆ ನಿಂತೆ.

"ನಿಮ್ದು ಆಯ್ತಲ್ಲ ಮೇಡಂ. ಇಳೀರಿ, ಸುತ್ಬೇಕು."

"ಸುತ್ತಿ. ನನ್ನ ಜೊತೆಗೇ ಸುತ್ತಿ."

"ಅಯ್ಯೋ, ಏನ್ ಮೇಡಂ ನೀವು! ಬೆಳಿಗ್ಗೆ ಎರಡಕ್ಕೆ ಬಂದಿದೀನಿ ನಾನು."

"ಇನ್ನೊಬ್ರು ಬರ್ತಿದಾರೆ."

ಅವನು ಸೊಂಟಕ್ಕೆ ಕೈ ಕೊಟ್ಟು ರಸ್ತೆಯ ಕಡೆ ನೋಡಿದ. ತಿರುವಿನಲ್ಲಿ ಪ್ರತಿಮಾ ಕಾಣಿಸಿದರು. ಒಂದು ಕಾಲು ಎಳೆಯುತ್ತಿದ್ದರು, ಆದರೆ ನಡೆಯುತ್ತಿರಲಿಲ್ಲ, ಓಡುತ್ತಿದ್ದರು.

"ಇನ್ನೆಷ್ಟು ಹೊತ್ತು ನಿಲ್ತೀರಿ ಹೀಗೆ?"

ಗಡಿಯಾರ ನೋಡಿದೆ. "ಒಂದು ನಿಮಿಷ ಐವತ್ತು ಸೆಕೆಂಡು."

ಅವನು ಸುತ್ತಿಟ್ಟ ಮ್ಯಾಟಿನ ಮೇಲೆ ಕೂತ. ನನ್ನನ್ನೊಮ್ಮೆ, ತಿರುವನ್ನೊಮ್ಮೆ ನೋಡಿದ. ಆಮೇಲೆ ಎದ್ದು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ರಸ್ತೆಗೆಲ್ಲ ಕೇಳುವಂತೆ ಕೂಗಿದ:

"ಬೇಗ ಬನ್ನಿ ಮೇಡಂ! ಇವ್ರು ಇಳೀತಾ ಇಲ್ಲ!"