ಎಡಗಡೆಯ ಸೀಟು

ಬಲಗಾಲು ಮತ್ತೆ ನೆಲ ಒತ್ತಿತು, ಅಲ್ಲಿ ಬ್ರೇಕಿಲ್ಲ, ಬರೀ ರಬ್ಬರ್ ಚಾಪೆ, ತಿರುವಿಗೆ ಈ ವೇಗ ಜಾಸ್ತಿ ಎಂದು ಅವನ ಕಾಲಿಗೆ ಗೊತ್ತು, ಸ್ಟೀರಿಂಗ್ ಹಿಡಿದ ಹೆಂಡತಿಗೆ ಗೊತ್ತಿಲ್ಲ, ಐವತ್ತೆರಡಕ್ಕೆ ಡ್ರೈವಿಂಗ್ ಕಲಿತವಳು, ಪಕ್ಕದಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಹೊಸ ಮದುವಣಗಿತ್ತಿಯ ಹಾಗೆ ಕೂತಿದ್ದಾನೆ. ಕತ್ತು ನೋಯುತ್ತಿದೆ, ಎರಡು ದಿನದ ನೋವು, ಲಾಡ್ಜಿಗೆ ದುಡ್ಡು ಯಾಕೆ ಸುರೀಬೇಕು ಅಂತ ಎರಡು ರಾತ್ರಿ ಕಾರಿನಲ್ಲೇ ಮಲಗಿದ್ದು, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವನು ಭಾವಮೈದುನನ ಸಣ್ಣ ಕಾರಿನ ಹಿಂದಿನ ಸೀಟಿನಲ್ಲೇ ಮಲಗಿದ್ದನೇನೋ. ಎಡಗಣ್ಣು ಹೋಗಿ ಎರಡು ವರ್ಷವಾಯಿತು, ಡಿಪೋದವರು ಸ್ಟೀರಿಂಗ್ ಬಿಡಿಸಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಟ್ಟರು, ಕುಂಟು ಕುದುರೆಗೆ ಲಾಯ ಸಿಕ್ಕಿದ್ದೇ ಪುಣ್ಯ ಎಂದು ಹಳೆಯ ಕಂಡಕ್ಟರ್ ನಕ್ಕ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಗೊತ್ತಿಲ್ಲದ್ದು ಬಲಗಣ್ಣಿನದು, ಮೂರು ತಿಂಗಳಿಂದ ಬಲಗಣ್ಣಿಗೂ ಹಬೆ ಹಿಡಿದ ಗಾಜು ಅಡ್ಡ ಬಂದಂತೆ, ಹೇಳಿದರೆ ಈ ಪ್ರವಾಸವೂ ಇಲ್ಲ, ಆಸ್ಪತ್ರೆಯ ಬೆಂಚೇ ಗತಿ.

ಸಮುದ್ರದ ಪಕ್ಕದ ಊರುಗಳಲ್ಲಿ ತೊಂದರೆಯೇ ಆಗಲಿಲ್ಲ, ಅವನ ಹಳೆಯ ರೂಟು ಅದು, ಈಗ ದೀಪಸ್ತಂಭ ಬರುತ್ತೆ ನೋಡು ಎಂದ, ಬಂತು, ಸೇತುವೆ ದಾಟಿದ ಮೇಲೆ ಹಳದಿ ಶಾಲೆ ಎಂದ, ಈಗ ನೀಲಿ ಬಳಿದಿದ್ದಾರೆ ಎಂದಳು ಅವಳು, ಹೌದಲ್ಲ ಎಂದ. ಒಂದೊಂದು ಊರೂ ಅವನಿಗೆ ಹತ್ತು ನಿಮಿಷದ ಚಹಾ, ಮೂವತ್ತೊಂದು ವರ್ಷ ನೀರಿಗೆ ಕಾಲಿಟ್ಟವನಲ್ಲ, ನಿನ್ನೆ ಇಟ್ಟ, ಅವಳು ಸೀರೆ ಎತ್ತಿಕೊಂಡು ಅಲೆ ಬಂದಾಗಲೆಲ್ಲ ಅವನ ಮುಂಗೈ ಹಿಡಿಯುತ್ತಿದ್ದಳು, ತನಗೆ ಭಯ ಅಂತ ಹಿಡಿದಳೋ, ಅಥವಾ — ಬೆಳಿಗ್ಗೆ ಫ್ಲಾಸ್ಕಿನ ಚಹಾ ಲೋಟದ ಪಕ್ಕಕ್ಕೆ ಸುರಿದಿದ್ದ, ಅವಳು ಒರೆಸಿದಳು, ಲೋಟ ತಾನೇ ತುಂಬಿಸಿ ಅವನ ಕೈಗಿಟ್ಟಳು.

ಅಲ್ಲಿಂದ ನೇರ ಊರಿಗೆ ಹೋಗೋಣ ಅಂದರೆ ಕೇಳಲಿಲ್ಲ, ಕಾಡು ನೋಡಬೇಕು ಎಂದಳು, ಕಾರು ಒಳಕ್ಕೆ ತಿರುಗಿತು, ಈ ದಾರಿಯಲ್ಲಿ ಅವನ ಬಸ್ಸು ಎಂದೂ ಬಂದಿಲ್ಲ, ಕಾಡಿನ ಗೇಟಿನ ಕಾವಲುಗಾರ ಪ್ರಾಣಿ ಕಂಡರೆ ಇಳಿಯಬೇಡಿ ಎಂದ, ಹೂಂ, ಕಂಡರೆ ತಾನೆ, ಹೊರಗೆ ಹಸಿರು ಹಸಿರಿಗೆ ಕಲಸಿಹೋಗಿದೆ, ಮರವೋ ನೆರಳೋ, ನೆನಪಿನಿಂದ ಎತ್ತಿಕೊಡಲು ಒಂದು ಮೈಲಿಗಲ್ಲೂ ಇಲ್ಲ, ಇಷ್ಟು ಸುಸ್ತು ಬಸ್ಸು ಓಡಿಸಿದ್ದಕ್ಕೂ ಆಗಿರಲಿಲ್ಲ, ನೋಡುವವನ ಹಾಗೆ ಕೂತಿರುವುದಕ್ಕೆ ಆಗುತ್ತಿದೆ. ಕಾರು ನಿಂತಿತು. ಜಿಂಕೆ ನೋಡಿ, ಮುಂದೆ, ಆ ದೊಡ್ಡ ಮರದ ಬುಡದಲ್ಲಿ, ಮರೀನೂ ಇದೆ, ಎಂದಳು. ಹ್ಞೂ, ಎಂದ, ಸುಳ್ಳು ಒಂದೇ ಸಾಲದು, ಒಗ್ಗರಣೆಯೂ ಬೇಕು, ಮರಿ ತುಂಬಾ ಚಿಕ್ಕದು, ಅಮ್ಮನಿಗೆ ಅಂಟಿಕೊಂಡೇ ನಿಂತಿದೆ ನೋಡು. ಅವಳು ಎಂಜಿನ್ ಆರಿಸಿದಳು. ಎಲೆಗಳ ಸದ್ದು. ಅಲ್ಲಿ ಏನೂ ಇಲ್ಲ ರೀ.

ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಬಿಗಿ ಮಾಡಿದ. ಎಷ್ಟು ದಿನದಿಂದ? ಮೂರು ತಿಂಗಳು. ಅವಳು ಬೈಯುತ್ತಾಳೆಂದು ಕಾದ, ಬೈದಿದ್ದರೆ ಹಗುರಾಗುತ್ತಿತ್ತು, ಗೊತ್ತಿರೋ ದಾರೀಲಿ ನಿಮ್ಮ ಸುಳ್ಳು ಹಿಡಿಯೋಕೆ ಆಗ್ಲಿಲ್ಲ, ಅದಕ್ಕೇ ಕಾಡಿಗೆ ತಿರುಗಿಸಿದೆ, ಎಂದಳು ಅಷ್ಟೇ, ಮೂಗು ಒರೆಸಿಕೊಂಡ ಸದ್ದು, ನಾಳೆ ಡಾಕ್ಟ್ರ ಹತ್ರ, ಎದ್ದ ತಕ್ಷಣ. ಆಯ್ತು. ಕಾರು ಹೊರಟಿತು, ಗೇರು ಕಿರುಗುಟ್ಟಿತು, ಅವನು ತಿದ್ದಲಿಲ್ಲ, ಕಾಲು ನೆಲ ಒತ್ತಲಿಲ್ಲ, ಕಣ್ಣು ಮುಚ್ಚಿದ, ತೆರೆದ, ವ್ಯತ್ಯಾಸ ಅಷ್ಟಕ್ಕಷ್ಟೇ, ಆದರೆ ಮರದ ಬುಡದಲ್ಲಿ ಜಿಂಕೆ, ಮೂರು ತಿಂಗಳಲ್ಲಿ ಇಷ್ಟು ಸ್ಪಷ್ಟವಾಗಿ ಏನನ್ನೂ ಕಂಡಿರಲಿಲ್ಲ, ಒದ್ದೆ ಮೂಗು, ನಿಮಿರಿದ ಕಿವಿ, ಹೊಟ್ಟೆಗೆ ಅಂಟಿಕೊಂಡ ಮರಿ, ಜಿಂಕೆ, ಅದರ ಮರಿ, ಅಲ್ಲೇ ನಿಂತು ಅವನನ್ನೇ ನೋಡುತ್ತಿವೆ.